ತೊಟ್ಟು ಮುರಿದು ನೋಡ್ರಿ

ವಾಶಿಯ ಮಸಾಲಾ ಮಾರ್ಕೆಟ್ಟಿನ್ಯಾಗ
ಖೀಮ್‌ಜಿ ಛೇಡಾ ಶೇಠರ ಗಾಳಾ.
ಒಳಗ ಕಾಲಿಟ್ಟ ಕೂಡಲೆ ಎರಡು ಸೀನು,
ಅದು ಬಾಗಿಲ ಸುಂಕ.

ಪೆಡ್ನೇಕರ್ ಕಾಕಾ ತಮ್ಮ ಮರಾಠಿಯೊಳಗ ಫೋನ್ ಮಾಡಿದ್ದರು:
ಮಷೀನಿಗೆ ದಮ್ಮು ಹತ್ತೈತಿ ಪೋರಿ,
ಒಂದು ಬಿಲ್ಲು ಬರೋದರಾಗ ಚಹಾ ಆರತೈತಿ.

ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದೆ.
ಫ್ಯಾನಿನ ರೆಕ್ಕಿಗೆ ಕೆಂಪು ಕಂಬಳಿ.
ಮೂಸಿದರ, ಬ್ಯಾಡಗಿ.
ಖಾರಲ್ಲ, ಬಣ್ಣದ ವಾಸನಿ.
ನಮ್ಮ ಕಡಿ ಧೂಳು ರಾತ್ರಿಯಿಡೀ ಲಾರಿಯೊಳಗ ಬಂದು
ಇಲ್ಲಿ ಕೂತು ಗಾಳಿ ತಡದೈತಿ.

ಬಾಯಿಲೆ ಊದಬ್ಯಾಡ್ರಿ ಕಾಕಾ, ಉಗುಳು ಹೊಕ್ಕತೈತಿ.
ಮೊದಲ ವೈರ್ ಕೀಳಬೇಕು,
ರೆಕ್ಕಿ ತಿರುಗದಂಗ ಬೆರಳಿಟ್ಟು ಹಿಡೀಬೇಕು,
ಅರ್ಧ ಇಂಚಿನ ಬ್ರಷ್ಷು, ಆಮ್ಯಾಲ ಬ್ಲೋವರು.
ಮತ್ತ ಇದನ್ನ ನೆಲಕ್ಕ ಇಡಬ್ಯಾಡ್ರಿ.
ಜುಲೈದಾಗ ಗಟಾರದ ನೀರು ಒಳಗ ಬಂದಾಗ
ಅದಕ್ಕ ಮಾರ್ಚಿನ ಲೆಕ್ಕ ಗೊತ್ತಿರಂಗಿಲ್ಲ.
ಎರಡು ಇಟ್ಟಂಗಿ ಸಾಕು. ಹಳಿ ಸ್ಟೂಲಾದರೂ ಆತು.

ಪರದೆಯ ಮೂಲಿಯೊಳಗ ಒಂದು ಚೀಟಿ:
ವಿಂಡೋಸ್ ಹತ್ತಕ್ಕ ಇನ್ನ ರಿಪೇರಿ ಬರಂಗಿಲ್ಲ.
ದಿನಾ ಬರತೈತಿ, ನಾನೂ ದಿನಾ ಮುಚ್ಚತೇನಿ, ಅಂದರು ಕಾಕಾ,
ನೊಣ ಹೊಡೆದವರ ಹೆಮ್ಮಿಲೆ.
ಮಷೀನು ನಾಳೆ ಸಾಯಂಗಿಲ್ಲ, ಅಂದೆ.
ಆದರ ಗೇಟಿನ ಕಾವಲಿನವ ಕೆಲಸ ಬಿಟ್ಟು ಹೋಗ್ಯಾನ.
ಗೇಟು ಹಂಗ ಐತಿ, ಅವನ ಖುರ್ಚಿನೂ ಐತಿ,
ಬಂದ ಚೀಲ ಎಣಿಸವರಿಲ್ಲ.
ಬ್ಯಾಂಕಿನ ಕೆಲಸ ಇದರ ಮ್ಯಾಲ ಬ್ಯಾಡ.
ಹೊಸಾದು ತರಸ್ರಿ.
ಶೇಠರು ಕ್ಯಾಲ್ಕುಲೇಟರ್ ಒತ್ತಿದರು.
ಏನೂ ಅನ್ನಲಿಲ್ಲ.

ಲೆಕ್ಕದ ಕಾಪಿ ಎಲ್ಲೈತ್ರಿ?
ಇದರಾಗ.
ಇನ್ನೊಂದು?
ಇದರಾಗನ, ಬ್ಯಾರೆ ಫೋಲ್ಡರ್.
ಶೇಠ, ನಿಮ್ಮ ಅಷ್ಟೂ ಮೆಣಸಿನಕಾಯಿ
ಒಂದ ಗೋದಾಮಿನ್ಯಾಗ ಇಡತೀರೇನು?
ಈಗ ತಲಿ ಎತ್ತಿದರು.
ಒಂದು ಇಲ್ಲಿ, ಒಂದು ಡಿಸ್ಕಿನ್ಯಾಗ ತಿಜೋರಿಯೊಳಗ,
ಒಂದು ಈ ಕಟ್ಟಡದ ಹೊರಗ.
ಶುಕ್ರವಾರಕ್ಕೊಮ್ಮೆ. ಡಿಸ್ಕ್ ಚುಚ್ಚಿದ್ದು ಹಂಗ ಬಿಡಬ್ಯಾಡ್ರಿ,
ಕಳ್ಳ ಬಂದರ ಎರಡನ್ನೂ ಒಯ್ಯತಾನ.

ಅಷ್ಟರಾಗ ಕಾಕಾನ ಫೋನ್ ಟಿಂಗ್ ಅಂತು:
ಇಂದು ರಾತ್ರಿ ಒಂಬತ್ತೂವರೆಗೆ ನಿಮ್ಮ ಕರೆಂಟು ಕಟ್,
ಕೆಳಗಿನದನ್ನ ಒತ್ತಿರಿ.
ಹೆಬ್ಬೆರಳು ಹೊಂಟಿತ್ತು.
ನಾನು ಕೈ ಹಿಡಿದೆ. ಮೆಣಸಿನಪುಡಿಯ ಕೈ, ಅವರಿಗೂ ಉರಿತು.
ಚೀಲ ಬಂದಾಗ ಏನು ಮಾಡತೀರಿ ಕಾಕಾ?
ಒಂದು ಕಾಯಿ ತಗದು ತೊಟ್ಟು ಮುರಿದು ನೋಡತೇನಿ.
ಹಂಗಾರ ಇದರದೂ ತೊಟ್ಟು ನೋಡ್ರಿ.
ಕಳಿಸಿದ್ದು ಕಂಪನಿ ಅಲ್ಲ, ಯಾರದೋ ಹತ್ತಂಕಿ ನಂಬರು.
ಅವಸರ ಮಾಡೋ ಮಾಲು ಯಾವಾಗಲೂ ಹಸಿ.
ಫೋನ್ ಮಾಡೂದಿದ್ದರ ಬಿಲ್ಲಿನ ಮ್ಯಾಲ ಅಚ್ಚಾದ ನಂಬರಿಗೆ ಮಾಡ್ರಿ.
ಬಿಲ್ಲು ತುಂಬೇನಲ್ಲ, ಎಂಟನೇ ತಾರೀಕಿಗೇ,
ಅಂತ ಮಳ್ಳರಂಗ ನಿಂತರು.

ಕಡೀಗೆ ಆ ಹಳದಿ ಚೀಟಿ, ಪರದೆಯ ಗದ್ದಕ್ಕ ಅಂಟಿಸಿದ್ದು:
ಮಗಳ ಹೆಸರು, ಒಂದು ಎರಡು ಮೂರು.
ಹರಿದು ಹಾಕಿದೆ.
ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಮಾತು ಜೋಡಸ್ರಿ,
ನಿಮಗಷ್ಟ ನೆನಪಿರೋವು. ಉದ್ದಾದಷ್ಟೂ ಗಟ್ಟಿ.
ಕಾಕಾ ಬಾಯಿ ತೆರದರು.
ನನಗ ಹೇಳಬ್ಯಾಡ್ರಿ! ನನಗೂ!
ಈ ಚೀಲದಾಗ ಮೂವತ್ತು ಮಂದಿಯ ಗುಟ್ಟು ಅದಾವ ಈಗಾಗಲೇ,
ಸತ್ತ ಹೆಂಡಂದಿರು, ಮೊದಲ ಸ್ಕೂಟರಿನ ನಂಬರು,
ಯಾವುದೋ ಊರಿನ ಹೊಳಿ.
ಕೇಳದ ಹೇಳತಾರ. ಹೊತ್ತು ಹೊತ್ತು ಸಾಕಾಗೈತಿ.

ಬೆನ್ನು ತಿರುಗಿಸಿ ಕ್ಯಾಲೆಂಡರ್ ನೋಡುತ ನಿಂತೆ.
ಒಂದೊಂದೇ ಬೆರಳು. ಟಕ್. ಟಕ್.
ಇಪ್ಪತ್ತಾರು ಎಣಿಸಿದೆ.
ಹದಿನೇಳನೇದರ ಹತ್ತರ ಕಾಕಾ ಒಬ್ಬರೇ ಕಿಸಕ್ಕನ ನಕ್ಕರು.

ಆರುನೂರು ರೂಪಾಯಿ, ಐವತ್ತು ಬಿಡಸ್ರಿ ಅಂದರು ಶೇಠರು.
ಸಂಜಿ ಲೋಕಲ್ಲಿನ್ಯಾಗ ನನ್ನ ಸೆರಗಿಗೆ
ಬಾಜೂದವರು ಮೂವರು ಸೀನಿದರು.
ಏನು ಬರದಿರಬೇಕು ಅಲ್ಲಿ, ಹದಿನೇಳನೇದರ ಹತ್ತರ,
ಅಂತ ಮಾನಖುರ್ದ್ ತನಕ ವಿಚಾರ ಮಾಡಿದೆ.